ಶಾಲೆಯ ಹಿಂಗೋಡೆ ಮತ್ತು ನನ್ನ ಎರಡು ದೂರುಗಳು

ರಾಯಚೂರಿನಲ್ಲಿ ನಾವಿರುವ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನು ಮೂರು ವರ್ಷ ಸದಸ್ಯನಾಗಿದ್ದೆ. ಹಿಂಗೋಡೆಯ ಬಳಿ ಬಿದ್ದಿರುತ್ತಿದ್ದ ಒಡೆದ ಬಾಟಲಿ, ಮದ್ಯದ ಟೆಟ್ರಾ ಪ್ಯಾಕ್‌ಗಳನ್ನು ಗುಡಿಸುವುದೇ ಬಿಸಿಯೂಟದ ಅಡುಗೆಯವರಿಗೆ ಬೆಳಗಿನ ಮೊದಲ ಕೆಲಸವಾಗಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳ ಕಾಲಿಗೆ ಗಾಜು ಹೊಕ್ಕ ದಿನ ದೂರು ಕೊಡಲೇಬೇಕೆಂದು ನಿರ್ಧರಿಸಿದೆವು.

ಮೊದಲ ದೂರನ್ನು ಬರೆದವನು ನಾನೇ; ಬರೆದದ್ದು ಕೆಟ್ಟದಾಗಿತ್ತು. “ಪುಂಡ ಹುಡುಗರ ಹಾವಳಿ ಹೆಚ್ಚಾಗಿದೆ, ಕ್ರಮ ಕೈಗೊಳ್ಳಿ” ಎಂಬ ಆ ಸಾಲಿನಲ್ಲಿ ಎಲ್ಲಿ, ಎಷ್ಟು ಗಂಟೆಗೆ, ಏನು ನಡೆಯುತ್ತದೆ ಎಂಬುದೊಂದೂ ಇರಲಿಲ್ಲ. ಪೊಲೀಸರು ಬಂದು ಗುಡಿಯ ಕಟ್ಟೆಯ ಮೇಲಿದ್ದ ಹುಡುಗರನ್ನು ಗದರಿಸಿ ಎಬ್ಬಿಸಿ ಹೋದರು. ಮಾರ್ಚ್ ಕೊನೆಯ ದಿನಗಳವು. ನಮ್ಮೂರ ಬಿಸಿಲಿಗೆ ಕಾದ ತಗಡಿನ ಮನೆಗಳು ನಡುರಾತ್ರಿಯವರೆಗೂ ಆರುವುದಿಲ್ಲವಾದ್ದರಿಂದ ಅವರು ಗಾಳಿಗೆಂದು ಕುಳಿತಿದ್ದರೇ ಹೊರತು ಯಾರಿಗೂ ತೊಂದರೆ ಕೊಟ್ಟವರಲ್ಲ. ಮರುದಿನ ಅವರಲ್ಲೊಬ್ಬ “ಸರ್, ನಾವೇನ್ ತಪ್ಪು ಮಾಡೀವ್ರಿ?” ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ.

ಅಂದಿನಿಂದ ಹದಿನೈದು ರಾತ್ರಿ ನನ್ನ ಮನೆಯ ಮಾಳಿಗೆಯಿಂದಲೇ ಗಮನಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಜಾಗ ಮತ್ತು ನಡೆದ ಕೃತ್ಯವನ್ನು ಬರೆದಿಟ್ಟೆ. ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಅವರಿವರಿಂದ ಕೇಳಿದ್ದನ್ನು ಇನ್ನೊಂದು ಕಡೆ. ಆಗಲೇ ಒಂದು “ಹಾವಳಿ” ನಾಲ್ಕಾಗಿ ಬಿಡಿಸಿಕೊಂಡಿತು. ಕೆಟ್ಟಿದ್ದ ಬೀದಿದೀಪ ನಗರಾಡಳಿತಕ್ಕೆ ಸೇರಿದ್ದು. ಡಬ್ಬಾ ಅಂಗಡಿಯಲ್ಲಿ ಪರವಾನಗಿಯಿಲ್ಲದೆ ಮಾರುತ್ತಿದ್ದ ಮದ್ಯದ ವಿಷಯ ಅಬಕಾರಿ ಇಲಾಖೆಗೂ ಹೋಗಬೇಕು. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬುದು 2003ರ ಕೋಟ್ಪಾ ಕಾಯ್ದೆಯಲ್ಲೇ ಇದೆ. ನಾಲ್ಕನೆಯದು ಓಸಿ ಚೀಟಿ, ಅಂದರೆ ಮಟ್ಕಾ ಜೂಜು. ಚೀಟಿಗಳನ್ನು ಒಯ್ದು ಕೊಡುತ್ತಿದ್ದವನು ನಮ್ಮದೇ ಶಾಲೆಯ ಹುಡುಗನೆಂದು ತಿಳಿದಾಗ, ಅವನನ್ನು ಆರೋಪಿಗಳ ಸಾಲಿಗೆ ಸೇರಿಸದೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದೆವು. ಇದರಲ್ಲಿ ನಾವು ಸರಿಯಾಗಿ ನಡೆದುಕೊಂಡೆವೆಂದು ಇಂದಿಗೂ ನಂಬಿದ್ದೇನೆ.

ಈ ನಡುವೆ ನೆರೆಯವರೊಬ್ಬರು ಕುಡುಕರ ವಿಡಿಯೊ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಅದೇ ಜನ ಅವರ ಬಾಗಿಲಲ್ಲಿದ್ದರು. ಜಗಳ, ಹೊಡೆದಾಟ ಕಣ್ಣೆದುರೇ ನಡೆಯುತ್ತಿದ್ದರೆ ನಡುವೆ ಹೋಗದೆ 112ಕ್ಕೆ ಕರೆ ಮಾಡಿ ಗುರುತಿನ ಜಾಗವನ್ನು ಹೇಳುವುದೆಂದು ಅಂದೇ ಗೊತ್ತುಮಾಡಿಕೊಂಡೆವು.

ಎರಡನೆಯ ದೂರಿಗೆ ಐವರು ಸಹಿ ಹಾಕಿ, ಎರಡು ಪ್ರತಿ ಒಯ್ದು, ನಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೆವು. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಎಫ್‌ಐಆರ್ ದಾಖಲಾಗಿ ಅದರ ಪ್ರತಿ ಉಚಿತವಾಗಿ ಸಿಗುತ್ತದೆ. ಅಸಂಜ್ಞೇಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇದು ಮೊದಲೇ ಗೊತ್ತಿದ್ದರೆ “ಏನೂ ಮಾಡುವುದಿಲ್ಲ” ಎಂದು ಠಾಣೆಯವರ ಮೇಲೆ ಅಷ್ಟು ಸಿಡುಕುತ್ತಿರಲಿಲ್ಲವೇನೋ.

ದೀಪ ಹತ್ತಿತು, ಡಬ್ಬಾ ಅಂಗಡಿ ಮುಚ್ಚಿತು. ಹಬ್ಬದ ಮರುದಿನ ಈಗಲೂ ಒಂದೆರಡು ಖಾಲಿ ಪ್ಯಾಕ್ ಸಿಗುತ್ತವೆ. ದೀಪ ಮತ್ತೆ ಕೆಟ್ಟರೆ ನನಗೆ ಮೊದಲು ಫೋನ್ ಮಾಡುವವರು ಕಟ್ಟೆಯ ಆ ಹುಡುಗರೇ.