‘ಸುಮಾರು’ ಪದವನ್ನು ಸರಿಯಾಗಿ ಬಳಸುವುದು ಹೇಗೆ?

ಮನೆಯಲ್ಲಿ ಗೃಹಪ್ರವೇಶ. ‘ಎಷ್ಟು ಎಲೆ ಆಗಬಹುದು?’ ಎಂದು ಅಡುಗೆ ಭಟ್ಟರು ಫೋನಿನಲ್ಲಿ ಕೇಳಿದರು. ‘ಸುಮಾರು ಜನ ಬರ್ತಾರೆ’ ಎಂದೆ. ‘ಹಾಗಂದ್ರೆ ಆಗಲ್ಲ ಸ್ವಾಮಿ, ಅಕ್ಕಿ ಅಳೀಬೇಕು. ಸುಮಾರು ಎಷ್ಟು, ಹೇಳಿ’ ಎಂದರು. ನನ್ನ ಬಾಯಲ್ಲಿ ಅದು ‘ತುಂಬಾ’. ಅವರ ಬಾಯಲ್ಲಿ ‘ಹೆಚ್ಚುಕಮ್ಮಿ’.

ಈ ಪದದ ಮೂಲ ಪರ್ಷಿಯನ್ ಭಾಷೆಯ ‘ಶುಮಾರ್’. ಅಲ್ಲಿ ಅದರ ಅರ್ಥ ಎಣಿಕೆ. ಎಣಿಕೆಯ ಪದವೇ ನಮ್ಮಲ್ಲಿ ಎಣಿಸದೆ ಹೇಳುವ ಪದವಾಗಿದೆ!

ಬಳಸುವ ಮೊದಲು, ಪದದ ಮುಂದೆ ಏನು ಬರುತ್ತದೆ ನೋಡಿ. ಸಂಖ್ಯೆ ಬಂದರೆ ಹೆಚ್ಚುಕಮ್ಮಿ ಎಂದರ್ಥ: ಸುಮಾರು 50 ಜನ. ಸಂಖ್ಯೆ ಬಿಟ್ಟರೆ ಅರ್ಥವೇ ಬೇರೆ: ‘ಸುಮಾರು ಹೊತ್ತಾಯ್ತು’ ಅಂದರೆ ಬಹಳ ಹೊತ್ತಾಯಿತು. ‘ಸುಮಾರು ದೊಡ್ಡ ಮನೆ’ ಅಂದರೆ ತಕ್ಕಮಟ್ಟಿಗೆ ದೊಡ್ಡದು. ಇನ್ನು ‘ಸಾರು ಸುಮಾರಾಗಿದೆ’ ಎಂದರೆ ಅಷ್ಟಕ್ಕಷ್ಟೆ. ಬಡಿಸಿದವರ ಮುಂದೆ ಈ ಮಾತು ಬೇಡ, ಮನಸ್ಸಿಗೆ ನಾಟುತ್ತದೆ.

ನಂತರ ಸಂಖ್ಯೆಯನ್ನು ನೋಡಿ. ಅದು ದುಂಡಗಿರಬೇಕು. ‘ಸುಮಾರು 347 ಜನ’, ‘ಸುಮಾರು 6.47ಕ್ಕೆ’ ಎಂದು ಬರೆಯಬೇಡಿ. 347 ಎಂದು ಎಣಿಸಿದ್ದಾಗಿದೆ, ಇನ್ನು ಸುಮಾರು ಯಾಕೆ? 350 ಎನ್ನುವುದಾದರೆ ಸುಮಾರು ಇರಲಿ.

ಮೂರನೆಯದು, ಸುದ್ದಿಗಳಲ್ಲಿ ದಿನಾ ಕಾಣುವ ತಪ್ಪು. ‘ಸುಮಾರು 100ಕ್ಕೂ ಹೆಚ್ಚು ಮಂದಿ’ ಎಂಬ ಸಾಲು ನೋಡಿರುತ್ತೀರಿ, ಅಲ್ವಾ? ಸುಮಾರು ಅಂದರೆ ನೂರಕ್ಕಿಂತ ಕಡಿಮೆಯೂ ಇರಬಹುದು. ‘ಹೆಚ್ಚು’ ಅಂದಮೇಲೆ ಕಡಿಮೆ ಇರುವಂತಿಲ್ಲ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ, ಒಂದನ್ನು ಹೊಡೆದುಹಾಕಿ. ‘ಸುಮಾರು 500ರಷ್ಟು’, ‘ಸುಮಾರು 20ರಿಂದ 25’ ಕೂಡ ಬೇಡ. ‘ಅಷ್ಟು’ ಮತ್ತು ‘ರಿಂದ’ ಆಗಲೇ ಹೆಚ್ಚುಕಮ್ಮಿ ಎನ್ನುವ ಕೆಲಸ ಮಾಡಿವೆ, ಸುಮಾರು ಸುಮ್ನೆ ಸೇರಿಕೊಂಡಿದೆ.

‘ಅಂದಾಜು’ ಇದರ ಹತ್ತಿರದ ನೆಂಟ, ಆದರೆ ಅದೇ ಅಲ್ಲ. ಅಂದಾಜು ಮಾಡಬಹುದು, ಅಂದಾಜು ತಪ್ಪಬಹುದು, ಅಂದಾಜು ಪಟ್ಟಿ ಬರೆಸಬಹುದು. ಸುಮಾರು ಮಾಡಲು ಬರುವುದಿಲ್ಲ. ಯಾರೋ ಲೆಕ್ಕ ಹಾಕಿ ಹೇಳಿದ್ದಾದರೆ ಅಂದಾಜು ಎನ್ನಿ: ಕಟ್ಟಡದ ಅಂದಾಜು ವೆಚ್ಚ 40 ಲಕ್ಷ ರೂಪಾಯಿ.

ಕೊನೆಯದಾಗಿ, ಎಷ್ಟೋ ಕಡೆ ಈ ಎರಡು ಪದಗಳೂ ಬೇಕಾಗುವುದಿಲ್ಲ. ಪಕ್ಕಪಕ್ಕದ ಎರಡು ಸಂಖ್ಯೆ ಜೋಡಿಸಿದರೆ ಸಾಕು: ಎರಡು ಮೂರು ದಿನ, ನಾಲ್ಕೈದು ಮನೆ, ಏಳೆಂಟು ವರ್ಷ. ನನಗೆ ತುಂಬಾ ಇಷ್ಟವಾದ ದಾರಿ ಇದು, ಅಚ್ಚ ಆಡುಮಾತು. ಭಟ್ಟರಿಗೂ ಕಡೆಗೆ ‘ಇನ್ನೂರು ಇನ್ನೂರೈವತ್ತು ಎಲೆ’ ಎಂದೆ. ‘ಹಾಗೆ ಹೇಳಿ ಮತ್ತೆ’ ಎಂದು ಬರೆದುಕೊಂಡರು.

‘ಹತ್ತಾರು’ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ. ಅದು ಹತ್ತೋ ಆರೋ ಅಲ್ಲ. ನೂರಾರು, ಸಾವಿರಾರು ಇದ್ದ ಹಾಗೆ, ಹಲವು ಹತ್ತು. 12 ಜನ ಸೇರಿದ ಸಭೆಗೆ ‘ಹತ್ತಾರು ಮಂದಿ’ ಎಂದು ಬರೆದರೆ ಜಾಸ್ತಿಯಾಯಿತು.