ಸೈಟ್ ಓಪನ್ ಆಗ್ತಿಲ್ವಾ? ಬ್ಲಾಕ್ ಮಾಡಿದ್ದಾರಾ ಅಂತ ನೀವೇ ಪತ್ತೆ ಹಚ್ಚೋದು ಹೀಗೆ

ನಮ್ಮಲ್ಲಿ ಸರ್ಕಾರ ಒಂದು ವೆಬ್‌ಸೈಟನ್ನ ಬ್ಲಾಕ್ ಮಾಡಿಸಿದ್ರೆ ಅದನ್ನ ದಿನಾ ಓದ್ತಿದ್ದವರಿಗೆ ಯಾರೂ ಬಂದು ಹೇಳಲ್ಲ. ಐಟಿ ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ಆದೇಶ ಹೋಗುತ್ತೆ, ಆ ಸೆಕ್ಷನ್‌ಗಾಗಿ ಮಾಡಿದ 2009ರ ನಿಯಮಗಳಲ್ಲಿ 16ನೇ ನಿಯಮ ಅಂತ ಒಂದಿದೆ, ಅದರಿಂದಾಗಿ ದೂರು ಕೊಟ್ಟಿದ್ದೂ ಗುಟ್ಟು, ಕ್ರಮ ತಗೊಂಡಿದ್ದೂ ಗುಟ್ಟು. ನೀವು ನೆಟ್ ಸ್ಲೋ ಇರ್ಬೇಕು ಅಂದ್ಕೊಂಡು ಸುಮ್ಮನಾಗ್ತೀರ. ಏನು ಮುಚ್ಚಿದ್ದಾರೆ ಅನ್ನೋದಾದ್ರೂ ಜನಕ್ಕೆ ಗೊತ್ತಿರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕೇ ಇದನ್ನ ಬರೀತಿರೋದು. ಕೋಡಿಂಗ್ ಏನೂ ಬರ್ಬೇಕಾಗಿಲ್ಲ.

ಮೊದಲನೇದು, ಸೈಟೇ ಡೌನ್ ಆಗಿದ್ಯಾ ನೋಡಿ. ಮನೆ ವೈಫೈನಲ್ಲಿ ಒಂದ್ಸಲ, ಬೇರೆ ಕಂಪನಿಯ ಸಿಮ್ ಡೇಟಾದಲ್ಲಿ ಇನ್ನೊಂದ್ಸಲ ತೆಗೀರಿ, ವಿದೇಶದಲ್ಲಿ ಯಾರಾದ್ರೂ ನೆಂಟರಿದ್ರೆ ಅವರ ಹತ್ರನೂ ತೆಗೆಸಿ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಪರೀಕ್ಷೆ ಮಾಡಿ ನೋಡಿದಾಗ ಇಲ್ಲಿನ ಒಂದೊಂದು ಕಂಪನಿ ಒಂದೊಂದು ರೀತಿ ಬ್ಲಾಕ್ ಮಾಡುತ್ತೆ, ಬ್ಲಾಕ್ ಆಗಿರೋ ಸೈಟ್‌ಗಳೂ ಒಂದೇ ಥರ ಇಲ್ಲ ಅಂತ ಗೊತ್ತಾಯ್ತು. ಹಾಗಾಗಿ ಒಂದ್ರಲ್ಲಿ ತೆರೆದು ಇನ್ನೊಂದ್ರಲ್ಲಿ ತೆರೀಲಿಲ್ಲ ಅಂದ್ರೆ ಅನುಮಾನ ಪಡೋಕೆ ಅಷ್ಟು ಸಾಕು.

ಆಮೇಲೆ ಎರರ್ ಮೆಸೇಜನ್ನ ಸರಿಯಾಗಿ ಓದಿ, ಸ್ಕ್ರೀನ್‌ಶಾಟ್ ತಗೊಳ್ಳಿ. ಸರ್ಕಾರದ ಆದೇಶ ಅಂತ ನೋಟಿಸ್ ಬಂದ್ರೆ ಕೆಲಸ ಮುಗೀತು. ಎಕ್ಸ್‌ನಂಥ (ಹಳೇ ಟ್ವಿಟರ್) ಜಾಗದಲ್ಲಿ ಆ್ಯಪ್ ಪೂರ್ತಿ ತೆರೆದು ಒಂದು ಅಕೌಂಟ್ ಮಾತ್ರ ಭಾರತದಲ್ಲಿ ತಡೆಹಿಡಿಯಲಾಗಿದೆ ಅಂತ ಬಂದ್ರೆ ಅದನ್ನ ತಡೆದಿರೋದು ಎಕ್ಸ್ ಕಂಪನಿನೇ, ನಿಮ್ಮ ನೆಟ್‌ನವರಲ್ಲ. ಹೀಗೆ ತಡೆಹಿಡಿಯಿರಿ ಅನ್ನೋ ಸರ್ಕಾರದ ಆದೇಶಗಳ ವಿರುದ್ಧ ಆ ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿತ್ತು, 2023ರ ಜೂನ್‌ನಲ್ಲಿ ಅರ್ಜಿ ವಜಾ ಆಗಿ 50 ಲಕ್ಷ ದಂಡ ಬಿತ್ತು.

ಸೈಟಿನ ವಿಳಾಸವೇ ಸಿಗ್ತಿಲ್ಲ ಅಂತ ಎರರ್ ಬಂದ್ರೆ ಡಿಎನ್‌ಎಸ್ ಚೆಕ್ ಮಾಡಿ. ಸೈಟಿನ ಹೆಸರು ಕೊಟ್ರೆ ಅದರ ಐಪಿ ನಂಬರ್ ಹೇಳೋದು ಡಿಎನ್‌ಎಸ್ ಕೆಲಸ, ಬ್ಲಾಕ್ ಮಾಡೋವಾಗ ಇಲ್ಲೇ ಸುಳ್ಳು ಉತ್ತರ ಕೊಡಿಸ್ತಾರೆ. ಆಂಡ್ರಾಯ್ಡ್ ಫೋನ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತೆ, ಅಲ್ಲಿ ಗೂಗಲ್‌ದೋ ಕ್ಲೌಡ್‌ಫ್ಲೇರ್‌ದೋ ಹಾಕಿ ಮತ್ತೆ ಸೈಟ್ ತೆಗೀರಿ, ಈಗ ತೆರೆದ್ರೆ ತಡೆ ಇದ್ದಿದ್ದು ಅಲ್ಲೇ. 2014ರ ಮಾರ್ಚ್‌ನಲ್ಲಿ ಟರ್ಕಿ ಸರ್ಕಾರ ಟ್ವಿಟರ್ ಬಂದ್ ಮಾಡಿದಾಗ ಜನ ಗೂಗಲ್ ಡಿಎನ್‌ಎಸ್ ನಂಬರ್ 8.8.8.8 ಅನ್ನೋದನ್ನ ಗೋಡೆ ಮೇಲೆ ಬರೆದು ಒಬ್ಬರಿಗೊಬ್ಬರು ತಿಳಿಸಿದ್ರು, ಕೆಲವೇ ದಿನದಲ್ಲಿ ಅಲ್ಲಿನ ನೆಟ್ ಕಂಪನಿಗಳು ಆ ನಂಬರಿಗೆ ಹೋಗೋ ಟ್ರಾಫಿಕ್ಕನ್ನೂ ತಮ್ಮ ಕಡೆ ತಿರುಗಿಸಿಕೊಂಡ್ವು. ಕೊನೆಗೆ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ ಮೇಲೆ ಏಪ್ರಿಲ್‌ನಲ್ಲಿ ಟ್ವಿಟರ್ ವಾಪಸ್ ಬಂತು.

ಡಿಎನ್‌ಎಸ್ ಬದಲಾಯಿಸಿದ್ರೂ ಕನೆಕ್ಷನ್ ರೀಸೆಟ್ ಅಂತ ಬರ್ತಾನೇ ಇದ್ರೆ ಅದು ಎಸ್‌ಎನ್‌ಐ ಬ್ಲಾಕಿಂಗ್ ಇರಬಹುದು. ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರುವಾಗೋ ಸೈಟ್‌ಗಳಲ್ಲಿ ಒಳಗಿನ ವಿಷಯ ದಾರಿಯಲ್ಲಿ ಯಾರಿಗೂ ಕಾಣಲ್ಲ, ಆದ್ರೆ ಶುರುನಲ್ಲಿ ಸೈಟಿನ ಹೆಸರು (ಇದೇ ಎಸ್‌ಎನ್‌ಐ) ಬಿಚ್ಚಿಯೇ ಹೋಗುತ್ತೆ, ಅಂಟಿಸಿದ ಲಕೋಟೆ ಮೇಲೆ ವಿಳಾಸ ಕಾಣೋ ಹಾಗೆ. ಆ ಹೆಸರು ನೋಡಿ ಕನೆಕ್ಷನ್ ಕಟ್ ಮಾಡ್ತಾರೆ. ಜಿಯೋ ಹೀಗೆ ಮಾಡ್ತಿದೆ ಅಂತ ಅದೇ ಬೆಂಗಳೂರಿನ ಸಂಸ್ಥೆ 2019ರಲ್ಲಿ ತೋರಿಸ್ತು. ಚೀನಾದಲ್ಲಂತೂ ಆ ಹೆಸರನ್ನ ಮುಚ್ಚಿ ಕಳಿಸೋ ಇಎಸ್‌ಎನ್‌ಐ ತಂತ್ರ ಬಂದಾಗ 2020ರಲ್ಲಿ ಅದನ್ನೇ ಬ್ಲಾಕ್ ಮಾಡಿಬಿಟ್ರು.

ಈಗ ಮುಖ್ಯವಾದದ್ದು, ಸಾಕ್ಷಿ ಇಡೋದು. ಊನಿ ಪ್ರೋಬ್ ಅನ್ನೋ ಉಚಿತ ಆ್ಯಪ್ ಇದೆ, ಗುರುತು ಬಿಟ್ಟುಕೊಡದೆ ನೆಟ್ ಬಳಸೋ ಟಾರ್ ಸಾಫ್ಟ್‌ವೇರ್ ಮಾಡೋ ಟಾರ್ ಪ್ರಾಜೆಕ್ಟ್ ಒಳಗೆ 2012ರಲ್ಲಿ ಶುರುವಾಗಿದ್ದು. ಅದರಲ್ಲಿ ವೆಬ್‌ಸೈಟ್ಸ್ ಟೆಸ್ಟಿಗೆ ಹೋಗಿ ನಿಮ್ಮ ಸೈಟಿನ ವಿಳಾಸ ಹಾಕಿದ್ರೆ ನಿಮ್ಮ ನೆಟ್‌ನಲ್ಲಿ ಏನು ಬಂತು, ಹೊರಗಿನ ಸರ್ವರಿಗೆ ಏನು ಬಂತು ಅಂತ ಹೋಲಿಸಿ ನೋಡುತ್ತೆ. ಟೆಸ್ಟ್ ಮಾಡೋವಾಗ ವಿಪಿಎನ್ (ನಿಮ್ಮ ನೆಟ್ಟನ್ನ ಬೇರೆ ಕಡೆಯ ಸರ್ವರ್ ಮೂಲಕ ಕಳಿಸೋ ಆ್ಯಪ್) ಆಫ್ ಇರ್ಲಿ, ಇಲ್ಲಾಂದ್ರೆ ಅಳೆಯೋದು ಬೇರೆ ಯಾವುದೋ ನೆಟ್ ಆಗುತ್ತೆ. ಒಂದು ಸಲ ಅಸಹಜ ಅಂತ ತೋರಿಸಿದ್ರೆ ನಂಬಬೇಡಿ, ಬೇರೆ ಬೇರೆ ಹೊತ್ತಲ್ಲಿ ಮತ್ತೆ ಮಾಡಿ. ಫಲಿತಾಂಶ ಯಾವ ಕಂಪನಿ ನೆಟ್ ಅನ್ನೋದರ ಸಮೇತ ಎಲ್ಲರಿಗೂ ಕಾಣೋ ಹಾಗೆ ಪಬ್ಲಿಶ್ ಆಗುತ್ತೆ, ನೀವು ಯಾವ ಸೈಟ್ ಟೆಸ್ಟ್ ಮಾಡಿದ್ರಿ ಅಂತ ನಿಮ್ಮ ನೆಟ್‌ನವರಿಗೂ ಗೊತ್ತಾಗುತ್ತೆ, ಇದನ್ನ ತಿಳ್ಕೊಂಡೇ ಮಾಡಿ. ಇರಾನ್, ಚೀನಾ ಥರದ ಕಡೆ ಇದ್ದೀರಾದ್ರೆ ಎರಡು ಸಲ ಯೋಚನೆ ಮಾಡಿ.

ನೆಟ್ಟೇ ಪೂರ್ತಿ ಹೋದ್ರೆ ಇದ್ಯಾವುದೂ ನಡೆಯಲ್ಲ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಇಡೀ ದೇಶದ ನೆಟ್ ಆಫ್ ಮಾಡಿತ್ತು, ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಹೋದ 4ಜಿ ಬಂದಿದ್ದು 2021ರ ಫೆಬ್ರವರಿಯಲ್ಲಿ, ಅಷ್ಟು ದಿನ ಆನ್‌ಲೈನ್ ಕ್ಲಾಸ್ ಮಕ್ಕಳು, ವ್ಯಾಪಾರಿಗಳು ಏನು ಮಾಡಿರ್ಬೇಕು ಯೋಚಿಸಿ. ಅಂಥಾ ಹೊತ್ತಲ್ಲಿ ನೆಟ್ ಹೋದ ದಿನ, ಗಂಟೆ, ಊರು, ಯಾವ ಸಿಮ್, ಕಾಲ್ ಹೋಗ್ತಿತ್ತಾ ಇಲ್ವಾ ಅಂತ ಪೇಪರಲ್ಲಿ ಬರೆದಿಟ್ಕೊಳ್ಳಿ. ಆಮೇಲೆ ರಾಜ್ಯದ ಗೃಹ ಇಲಾಖೆಗೆ ಆರ್‌ಟಿಐ ಹಾಕಿ ಆದೇಶದ ಪ್ರತಿ ಕೇಳಿ. ನೆಟ್ ಬಂದ್ ಮಾಡೋ ಆದೇಶಗಳನ್ನ ಪ್ರಕಟಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಸಿನ್ ಕೇಸಲ್ಲಿ ಹೇಳಿದೆ, ಅರ್ಜಿಯಲ್ಲಿ ಆ ತೀರ್ಪಿನ ಹೆಸರು ಬರೀರಿ.