ನಿಧಾನಗತಿಯಲ್ಲಿ ಮಿಸ್ಸಿಂಗ್ ಹೊಡೆಯುವ ಪೆಟ್ರೋಲ್ ಕಾರು: ದೋಷದ ಮೂಲ ಹುಡುಕುವ ಕ್ರಮ

ತುಮಕೂರಿನ ಬಿ.ಎಚ್. ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲಿ ಜಗ್ಗಿ ಜಗ್ಗಿ ಸಾಗುವ ಕಾರು, ಕ್ಯಾತ್ಸಂದ್ರ ದಾಟಿ ಹೆದ್ದಾರಿ ಹಿಡಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಓಡತೊಡಗುತ್ತದೆ. ಯಾವುದೋ ಸಿಲಿಂಡರಿನಲ್ಲಿ ದಹನ ಆಗಾಗ ತಪ್ಪುವ ಈ ದೋಷವೇ ಮಿಸ್ಸಿಂಗ್. ಹೀಗಾದಾಗ ಮಾಲೀಕರು ಮೊದಲು ಕಿಡಿ ಹಾರಿಸುವ ಪ್ಲಗ್ ಬದಲಿಸುತ್ತಾರೆ, ಸರಿಹೋಗದಿದ್ದರೆ ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್, ಅದಕ್ಕೂ ಜಗ್ಗದಿದ್ದರೆ ಫ್ಯುಯಲ್ ಪಂಪ್. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಮಿಸ್ಸಿಂಗ್ ಹಾಗೆಯೇ ಉಳಿದಿರುತ್ತದೆ. ಯಾವ ಸಿಲಿಂಡರ್ ತಪ್ಪುತ್ತಿದೆ, ಯಾವ ಸ್ಥಿತಿಯಲ್ಲಿ ತಪ್ಪುತ್ತಿದೆ ಎಂಬುದು ಗೊತ್ತಾಗುವವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ದೋಷ ನಿಧಾನಗತಿಯಲ್ಲೇ ಎದ್ದು ಕಾಣುವುದಕ್ಕೆ ಕಾರಣವಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತು ತಿರುಗುವಾಗ ಅದು ಎಳೆದುಕೊಳ್ಳುವ ಗಾಳಿ ಬಹಳ ಕಡಿಮೆಯಾದ್ದರಿಂದ, ಸೀಳಿದ ಒಂದು ರಬ್ಬರ್ ಪೈಪಿನಿಂದ ನುಸುಳುವ ಅಷ್ಟಿಷ್ಟು ಗಾಳಿಯೇ ಮಿಶ್ರಣವನ್ನು ಕೆಡಿಸಲು ಸಾಕಾಗುತ್ತದೆ. ಅದೇ ಸೋರಿಕೆ 3,000 ಸುತ್ತಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲದೆ ಕಡಿಮೆ ವೇಗದಲ್ಲಿ ಒಂದು ದಹನಕ್ಕೂ ಮುಂದಿನದಕ್ಕೂ ನಡುವೆ ಬಿಡುವು ಹೆಚ್ಚಿರುತ್ತದೆ. ಒಂದು ತಪ್ಪಿದರೂ ನಡುಕ ಸ್ಟಿಯರಿಂಗ್‌ವರೆಗೆ ಬರುತ್ತದೆ.

ಬಾನೆಟ್ ಎತ್ತುವ ಮುನ್ನ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಹೀಗಾಗುತ್ತದೆಯೇ, ಬಿಸಿಯಾದ ಮೇಲೆಯೇ, ಮಳೆಯ ಮರುದಿನವೇ, ಪೆಟ್ರೋಲ್ ತುಂಬಿಸಿದ ಬೆನ್ನಲ್ಲೇ ಎಂಬುದನ್ನು ಗಮನಿಸಿ. ಕ್ಲಚ್ ಬಿಡುವ ಕ್ಷಣದಲ್ಲಷ್ಟೇ ಕಾರು ನಡುಗಿ, ನ್ಯೂಟ್ರಲ್‌ನಲ್ಲಿ ಎಂಜಿನ್‌ನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಅಲುಗದೆ ನಿಂತಿದ್ದರೆ ಅದು ಬಹುಶಃ ಕ್ಲಚ್‌ನ ಅಥವಾ ಎಂಜಿನ್ ಮೌಂಟಿಂಗ್‌ನ ದೋಷ; ಇಗ್ನಿಷನ್ ಬಿಚ್ಚಿ ಪ್ರಯೋಜನವಿಲ್ಲ. ದೇವರಾಯನದುರ್ಗದ ಏರಿನಂಥ ರಸ್ತೆ ಇನ್ನೊಂದು ಒಳ್ಳೆಯ ಪರೀಕ್ಷೆ. ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಐಡ್ಲಿಂಗ್‌ನಲ್ಲಿ ನೆಟ್ಟಗಿದ್ದು ಏರಿನಲ್ಲಿ ಮಾತ್ರ ತಪ್ಪುವ ಎಂಜಿನ್‌ನಲ್ಲಿ ಮೊದಲ ಅನುಮಾನ ಪ್ಲಗ್ ಮತ್ತು ಕಾಯಿಲ್ ಮೇಲೆ. ಐಡ್ಲಿಂಗ್‌ನಲ್ಲಿ ನಡುಗಿ ರೇಸ್ ಮಾಡಿದಾಗ ಸರಿಹೋಗುವುದಾದರೆ ಗಾಳಿಯ ಸೋರಿಕೆಯ ಮೇಲೆ.

ಸುಮಾರಾಗಿ 2013ರ ಬಳಿಕದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ದೋಷ ಪತ್ತೆಗೆಂದೇ ಇರುವ ಓಬಿಡಿ ಪೋರ್ಟ್ ಇರುತ್ತದೆ, ಅದಕ್ಕೆ ಸಣ್ಣ ಸ್ಕ್ಯಾನರ್ ಜೋಡಿಸಿ ಮೊಬೈಲಿನಲ್ಲೇ ದೋಷದ ಕೋಡ್ ಓದಬಹುದು. ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆಯನ್ನು ಹೇಳುತ್ತದೆ. ಪಿ0300 ಬಂದರೆ ತಪ್ಪು ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲವೆಂದರ್ಥ, ಆಗ ಎಲ್ಲಕ್ಕೂ ಸಾಮಾನ್ಯವಾದ ಗಾಳಿ ಮತ್ತು ಇಂಧನದ ಕಡೆ ನೋಡಬೇಕು. ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಓಡಾಟ ನಿಲ್ಲಿಸಿ. ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂಬುದರ ಸೂಚನೆ ಅದು, ಮತ್ತು ಆ ಭಾಗದ ಬೆಲೆ ಇಲ್ಲಿ ಹೇಳಿದ ಬಹುತೇಕ ರಿಪೇರಿಗಳಿಗಿಂತ ಹೆಚ್ಚು.

ಒಂದೇ ಸಿಲಿಂಡರಿನ ಕೋಡ್ ಬಂದಿದ್ದರೆ ಅದಲುಬದಲು ಪರೀಕ್ಷೆಗಿಂತ ನಂಬಿಕಸ್ಥವಾದುದು ಬೇರಿಲ್ಲ. ಪಿ0303 ಬಂದಿದೆಯೆನ್ನಿ: ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರದನ್ನು ಮೂರನೆಯದಕ್ಕೂ ಹಾಕಿ, ಕೋಡ್ ಅಳಿಸಿ, ಕಾರನ್ನು ಓಡಿಸಿ. ದೋಷ ಪಿ0303ರಿಂದ ಪಿ0301ಕ್ಕೆ ಜಾಗ ಬದಲಿಸಿದರೆ ಕಾಯಿಲ್ ಕೆಟ್ಟಿದೆ. ಬದಲಿಸದಿದ್ದರೆ ಪ್ಲಗ್‌ಗಳನ್ನೂ ಹೀಗೆಯೇ ಬದಲಿಸಿ ನೋಡಿ. ಸ್ಕ್ಯಾನರ್ ಇಲ್ಲದವರು ಐಡ್ಲಿಂಗ್‌ನಲ್ಲಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರನ್ನು ಒಂದೊಂದಾಗಿ ಕಳಚಬಹುದು: ಯಾವುದನ್ನು ಕಳಚಿದಾಗ ಎಂಜಿನ್‌ನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ನಿಲ್ಲಿಸಿದೆ. ಎಂಜಿನ್ ಓಡುತ್ತಿರುವಾಗ ಕಾಯಿಲನ್ನಾಗಲಿ ಪ್ಲಗ್ ವೈರನ್ನಾಗಲಿ ಎಳೆಯಲೇಬೇಡಿ. ಅಲ್ಲಿರುವುದು ಹತ್ತಾರು ಸಾವಿರ ವೋಲ್ಟ್.

ಪ್ಲಗ್ ಬಿಚ್ಚುವುದಾದರೆ ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಏಕೆಂದರೆ ಬಿಸಿಯಾದ ಅಲ್ಯೂಮಿನಿಯಂ ಹೆಡ್‌ನಲ್ಲಿ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿಟ್ಟು ಬಿಸಿಲಿನಲ್ಲಿ ನೋಡಿ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ದಹನ ಚೆನ್ನಾಗಿದೆ, ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಪೆಟ್ರೋಲಿನಿಂದಲೇ ಒದ್ದೆಯಾಗಿದ್ದರೆ ಕಿಡಿ ಹಾರುತ್ತಿಲ್ಲ. ಬಿಳಿ ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್‌ನಲ್ಲಿ ಎಳೆದಂತೆ ತೆಳುವಾದ ಕಪ್ಪು ಗೆರೆ ಕಂಡರೆ ಕಿಡಿ ತುದಿಗೆ ಹೋಗದೆ ಆ ದಾರಿಯಲ್ಲೇ ಹೆಡ್‌ಗೆ ಹಾರಿಹೋಗುತ್ತಿದೆ. ಅಂಥ ಪ್ಲಗ್ ಜೊತೆಗೆ ಕಾಯಿಲ್‌ನ ರಬ್ಬರ್ ಬೂಟನ್ನೂ ಬದಲಿಸದಿದ್ದರೆ ಹೊಸ ಪ್ಲಗ್‌ನಲ್ಲೂ ಅದೇ ಗೆರೆ ಮೂಡುತ್ತದೆ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಬಳಿಯ ಸೀಲ್ ಸೋರುತ್ತಿದೆ. ಕಿಡಿ ಹಾರುವ ತುದಿಯ ಗ್ಯಾಪ್ ಹೆಚ್ಚಿನ ಕಾರುಗಳಲ್ಲಿ 0.8ರಿಂದ 1.1 ಮಿ.ಮೀ. ಇರುತ್ತದೆ, ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ.

ಗಾಳಿಯ ಸೋರಿಕೆಯನ್ನು ಕಿವಿಯಿಂದಲೇ ಹುಡುಕಬಹುದು. ಮೊಣಕೈ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಫ್ಯಾನ್ ಮತ್ತು ಬೆಲ್ಟ್‌ಗೆ ತಾಗದಂತೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಸುತ್ತ ಆಡಿಸಿದರೆ ಸುಸ್ಸೆನ್ನುವ ಜಾಗ ಸಿಗುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯುಯಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಎಂಜಿನ್‌ನ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡುವ ಪ್ರಮಾಣ) ಐಡ್ಲಿಂಗ್‌ನಲ್ಲಿ ಶೇ. 10ಕ್ಕಿಂತ ಮೇಲಿದ್ದು 2,500 ಸುತ್ತಿನಲ್ಲಿ ಸಹಜಕ್ಕೆ ಇಳಿದರೆ ಸೋರಿಕೆಯ ಅನುಮಾನ ಬಲವಾಗುತ್ತದೆ; ವೇಗ ಏರಿದಂತೆ ಟ್ರಿಮ್ ಕೂಡ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಗ್ಯಾರೇಜುಗಳಲ್ಲಿದೆ, ಆದರೆ ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನವಾದ್ದರಿಂದ ಮನೆಯಂಗಳದಲ್ಲಿ ಬೇಡ. ಅಡಿಕೆ ತೋಟದ ಮನೆಗಳಲ್ಲಿ, ಹುಲ್ಲು ಮೆದೆಯ ಪಕ್ಕ, ರಾಗಿ ಮೂಟೆಗಳಿರುವ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ವೈರು ಮತ್ತು ಪೈಪುಗಳನ್ನು ಮೊದಲು ನೋಡಲಿ. ಇಂಜೆಕ್ಟರ್ ವೈರಿನ ಒಂದು ಎಳೆ ಮಾತ್ರ ಉಳಿದಿದ್ದರೂ ಮಿಸ್ಸಿಂಗ್ ಬಂದು ಹೋಗಿ ಮಾಡುತ್ತದೆ.

ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಅದಕ್ಕೆಂದೇ ಸಿಗುವ ಕ್ಲೀನರ್‌ನಿಂದ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ. ಎಕ್ಸಾಸ್ಟ್ ಹೊಗೆಯ ಒಂದಂಶವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೂ ಮುಖ್ಯವಾಗಿ ಐಡ್ಲಿಂಗ್ ಕೆಡುತ್ತದೆ. ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ತಿಣುಕಿ, ಸ್ವಲ್ಪ ಹೊತ್ತು ನಡುಗುವ ಕಾರಿನಲ್ಲಿ ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಮುಚ್ಚುತ್ತಿಲ್ಲವೆಂದು ಅನುಮಾನಿಸಿ. ತಿಂಗಳುಗಟ್ಟಲೆ ನಿಂತ ಕಾರಾದರೆ ಪೆಟ್ರೋಲನ್ನೇ ಶಂಕಿಸಬೇಕು: ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿಮೀರಿದಾಗ ಎರಡೂ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಪಂಪ್ ಎಳೆಯುವುದೂ ತಳದಿಂದಲೇ.

ಇಷ್ಟೂ ಸರಿಯಿದ್ದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10-15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ, ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿವೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಇಳಿಸುವ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು ಈ ಎರಡೂ ಅಳತೆಗಳನ್ನು ಗೇಜ್‌ನಲ್ಲೇ ನೋಡಿ, ಬರೆಸಿಕೊಳ್ಳಿ.